ಸುಟ್ಟ ಕೈಯೂ ಬಟ್ಟಲ ನೀರೂ

ಓದತಕ್ಕ ವೇದಭಾಗಗಳು: 2 ಅರಸುಗಳು 5ನೆಯ ಅಧ್ಯಾಯ, 1ರಿಂದ 14, 1 ಕೊರಿಂಥದವರಿಗೆ 12ನೆಯ ಅಧ್ಯಾಯ, 14ರಿಂದ 27.



ಪ್ರಸಂಗಪೀಠದಿಂದ ಮಹಾ ಸಂಕಟಗಳ ವಿಷಯವಾಗಿ ನೀವು ಎಷ್ಟೋ ಸಾರಿ ಕೇಳಿದ್ದೀರಿ. ಯೋಬನ ಹುಣ್ಣುಗಳೂ ಯೋನನು ಬಿದ್ದ ಸಮುದ್ರವೂ ಪೌಲನ ಸೆರೆಮನೆಯೂ ನಿಮಗೆ ಹೊಸವಲ್ಲ. ಈ ತಿಂಗಳು ನಾವು ಎತ್ತಿಕೊಂಡಿರುವ ವಿಷಯವಾದರೋ ಬಹು ಚಿಕ್ಕದು. ಅಡಿಗೆಮನೆಯಲ್ಲಿ ಕೈ ಸುಟ್ಟುಕೊಳ್ಳುವದು, ಈಳಿಗೆಗೆ ಬೆರಳು ಕೊಯ್ದುಕೊಳ್ಳುವದು, ಇಷ್ಟೇ. ಸಭೆಯ ಹಿರಿಯರಲ್ಲಿ ಕೆಲವರು ಇದನ್ನು ಕೇಳಿ ನಗಬಹುದು. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಗ್ರಾಮಗಳಲ್ಲಿ ಮನೆ ಪ್ರಾರ್ಥನೆಗೆಂದು ಹೋಗಿ ಚಾಪೆಯ ಮೇಲೆ ಕುಳಿತಾಗ, ಕಾಪಿಯ ಲೋಟವನ್ನು ತಂದುಕೊಡುವ ಎಳೆಯ ಗೃಹಿಣಿಯರ ಕೈಗಳನ್ನು ನಾವು ನೋಡಿದ್ದೇವೆ. ಮುಂಗೈಯಲ್ಲಿ ಕಪ್ಪುಗಟ್ಟಿದ ಬರೆ; ಹೆಬ್ಬೆರಳಿಗೆ ಸುತ್ತಿದ ಹಳೇ ಸೀರೆಯ ಚೂರು. ಏನಾಯಿತಮ್ಮಾ ಎಂದು ಕೇಳಿದರೆ, ಏನಿಲ್ಲ ಅಯ್ಯನವರೇ ಎಂದು ಸೆರಗಿನಲ್ಲಿ ಕೈಯನ್ನು ಮರೆಮಾಡುತ್ತಾರೆ. ನಾವೂ ಅಷ್ಟಕ್ಕೇ ಬಿಟ್ಟು ಕೀರ್ತನೆ ಹಾಡುವದಕ್ಕೆ ತೊಡಗುತ್ತಿದ್ದೆವು. ಹಾಗೆ ಬಿಟ್ಟದ್ದು ತಪ್ಪೆಂದು ನಮಗೆ ಗೊತ್ತಾದದ್ದು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯಿಂದ. ಅದನ್ನು ಹೇಳುವದಕ್ಕೆ ನಾಚಿಕೆಯಾದರೂ ಹೇಳಬೇಕಾಗಿದೆ.

ಮಳೆಗಾಲದ ಒಂದು ಭಾನುವಾರ. ಹೊಳೆನರಸೀಪುರದ ಕಡೆಯ ಒಂದು ಚಿಕ್ಕ ಸಭೆಯಲ್ಲಿ ಆರಾಧನೆ ನಡಿಸುವದಕ್ಕೆ ನಾವು ಬೆಳಗಿನ ಬಸ್ಸು ಹಿಡಿಯಬೇಕಾಗಿತ್ತು. ನಮ್ಮ ಮನೆಯಾಕೆ ಸೊಂಟದಲ್ಲಿದ್ದ ಹಸುಗೂಸನ್ನು ಆಗತಾನೇ ಮಲಗಿಸಿ, ಎಸರು ಕುದಿಯುವದನ್ನೇ ಕಾದು, ಹಿಟ್ಟು ಹಾಕಿ, ಪಾತ್ರೆಯನ್ನು ಕೆಳಗಿಳಿಸಿ ಮುದ್ದೆ ತೊಳಸುತ್ತಿದ್ದಳು. ನಾಲ್ಕು ವರುಷದ ಹಿರಿಯ ಮಗನು ಹಿಂದಿನಿಂದ ಬಂದು ಸೆರಗನ್ನು ಜಗ್ಗಿದನು. ಪಾತ್ರೆ ವಾಲಿತು. ಕುದಿಯುವ ಹಿಟ್ಟು ಎಡಗೈಯ ಹಿಂಭಾಗಕ್ಕೆ ಬಿದ್ದು ಅಂಟಿಕೊಂಡಿತು. ರಾಗಿಹಿಟ್ಟಿನ ಬಿಸಿ ಎಂಥದೆಂದು ನಮ್ಮ ಸೀಮೆಯವರಿಗೆ ಹೇಳಬೇಕೇ? ಬಿಸಿನೀರು ಬಿದ್ದರೆ ಜಾರಿಹೋಗುವದು. ಹಿಟ್ಟಾದರೋ ಹಿಡಿದುಕೊಂಡು ಸುಡುವದು. ಆಕೆ ಕೂಗಿಕೊಂಡಳು. ಬಾಗಿಲಲ್ಲಿ ಕೈಚೀಲ ಹಿಡಿದು ನಿಂತಿದ್ದ ನಾವು ಆಗ ಆಡಿದ ಮಾತು ಇದು: “ಸ್ವಲ್ಪ ನೋಡಿಕೊಂಡು ಮಾಡಬಾರದೇ?”

ನಮ್ಮ ತಾಯಿಯವರು ತುಪ್ಪ ತಂದರು. ಪಕ್ಕದ ಮನೆಯ ಸಹೋದರಿಯು ತುಪ್ಪ ಬೇಡ, ಹಲ್ಲುಜ್ಜುವ ಪೇಸ್ಟು ಹಚ್ಚಿರಿ, ತಣ್ಣಗಾಗುತ್ತದೆ ಎಂದಳು. ಎರಡನ್ನೂ ಹಚ್ಚಿದ್ದಾಯಿತು. ಆಕೆ ಅದರ ಮೇಲೊಂದು ಬಟ್ಟೆ ಸುತ್ತಿಕೊಂಡು, ಉಳಿದ ಮುದ್ದೆಯನ್ನು ಕಟ್ಟಿ, ಮಗನಿಗೆ ಉಣ್ಣಿಸಿ, ನಮಗೂ ಬಡಿಸಿದಳು. ನಾವು ಉಂಡು ಹೊರಟೆವು. ಆ ದಿನ ಆ ಸಭೆಯಲ್ಲಿ ಏನು ಪ್ರಸಂಗ ಮಾಡಿದೆವೆಂಬದು ಈಗ ನಮ್ಮ ನೆನಪಿನಲ್ಲಿಲ್ಲ. ಆಕೆ ಯಾವ ಕೈಯಿಂದ ಬಡಿಸಿದಳೆಂಬದು ನೆನಪಿದೆ.

ಸಾಯಂಕಾಲ ಬರುವಷ್ಟರಲ್ಲಿ ಪಾತ್ರೆಗಳೆಲ್ಲಾ ತೊಳೆದಿದ್ದವು, ಕೂಸಿನ ಬಟ್ಟೆ ಒಗೆದಿತ್ತು, ಕೈಯ ಬೊಬ್ಬೆ ಒಡೆದಿತ್ತು. ಮಂಗಳವಾರ ಕೈ ಊದಿ ಬಳೆ ತೆಗೆಯಲಿಕ್ಕಾಗದೆ ಆಸ್ಪತ್ರೆಗೆ ಕರಕೊಂಡು ಹೋದೆವು. ದಾದಿಯಮ್ಮನವರು ಬಳೆಯನ್ನು ಕತ್ತರಿಸಿ, ಒಣಗಿ ಹತ್ತಿದ್ದ ಪೇಸ್ಟನ್ನು ಮೆಲ್ಲನೆ ನೆನಸಿ ನೆನಸಿ ತೆಗೆಯುತ್ತಿರುವಾಗ ನಮ್ಮಾಕೆಯ ಕಣ್ಣಲ್ಲಿ ನೀರಿಳಿಯುತ್ತಿತ್ತು. ಅವರು ನಮ್ಮ ಮುಖವನ್ನು ನೋಡದೆಯೇ ಎರಡು ಪ್ರಶ್ನೆಗಳನ್ನು ಕೇಳಿದರು. ಮೊದಲನೆಯದು, “ಆಗಲೇ ತಣ್ಣೀರಿನಲ್ಲಿ ಯಾಕೆ ಇಡಲಿಲ್ಲ?” ಎರಡನೆಯದು, “ಉಪದೇಶಿಗಳೇ, ಈ ಎರಡು ದಿವಸ ಪಾತ್ರೆ ತೊಳೆದವರು ಯಾರು?”

ಸೆಮಿನರಿಯಲ್ಲಿ ನಾವು ಬರೆದ ಪರೀಕ್ಷೆಗಳಲ್ಲಿ ಇಂಥ ಪ್ರಶ್ನೆಗಳು ಬಂದಿರಲಿಲ್ಲ. ಈ ತಿಂಗಳು ಆ ಎರಡು ಪ್ರಶ್ನೆಗಳನ್ನೇ ನಿಮ್ಮ ಮುಂದೆ ಇಡುತ್ತೇವೆ.

ಮೊದಲು ನೀರಿನ ಪ್ರಶ್ನೆ. ಅರಾಮ್ ದೇಶದ ಸೇನಾಪತಿಯಾದ ನಾಮಾನನ ಕಥೆಯನ್ನು ಬಲ್ಲಿರಿ. ಆತನು ಕುಷ್ಠರೋಗಿ. ಮನೆಯಲ್ಲಿದ್ದ ದಾಸಿಹುಡುಗಿಯೊಬ್ಬಳ ಮಾತನ್ನು ನಂಬಿ, ಬೆಳ್ಳಿ ಬಂಗಾರ ಉಡುಗೊರೆಗಳನ್ನು ಹೇರಿಕೊಂಡು ಎಲೀಷನ ಬಾಗಿಲಿಗೆ ಬಂದನು. ಪ್ರವಾದಿಯು ಎದ್ದು ಬರಲೇ ಇಲ್ಲ. ಹೊಳೆಯಲ್ಲಿ ಏಳು ಸಾರಿ ಮುಳುಗೆಂದು ಹೇಳಿಕಳುಹಿಸಿದನು. ನಾಮಾನನಿಗೆ ಬಂದ ಸಿಟ್ಟು ಸಾಮಾನ್ಯವೇ? ಪ್ರವಾದಿಯು ಬಂದು, ನಿಂತು, ಕೈಯಾಡಿಸಿ, ಏನೋ ಒಂದು ದೊಡ್ಡ ಕಾರ್ಯ ಮಾಡುವನೆಂದು ಎಣಿಸಿದ್ದನು. ಬರೇ ನೀರು! ಅದೂ ಯೊರ್ದನ್ ಹೊಳೆಯ ನೀರು! ದಮಸ್ಕದಲ್ಲಿ ಇದಕ್ಕಿಂತ ಒಳ್ಳೆಯ ಹೊಳೆಗಳಿಲ್ಲವೇ ಎಂದು ಹಿಂತಿರುಗಿ ಹೊರಟನು. ಅವನ ಸೇವಕರ ಬುದ್ಧಿಯನ್ನು ನೋಡಿರಿ. ಕಷ್ಟದ ಕೆಲಸ ಹೇಳಿದ್ದರೆ ಮಾಡುತ್ತಿದ್ದಿರಲ್ಲಾ, ಸುಲಭವಾದದ್ದನ್ನು ಮಾಡಲಿಕ್ಕೆ ಏನು ಅಡ್ಡಿ ಎಂಬ ಅರ್ಥದಲ್ಲಿ ಅವನನ್ನು ಸಮಾಧಾನಪಡಿಸಿದರು.

ನಮ್ಮೊಳಗೆ ಪ್ರತಿಯೊಬ್ಬನೂ ಒಬ್ಬ ನಾಮಾನನೇ. ಕೈ ಸುಟ್ಟಾಗ ನಾವು ಹುಡುಕುವದು ತುಪ್ಪವನ್ನು, ಕೊಬ್ಬರಿ ಎಣ್ಣೆಯನ್ನು, ಶಾಯಿಯನ್ನು, ಸುಣ್ಣವನ್ನು, ಅರಿಶಿನವನ್ನು, ಈಗೀಗ ಪೇಸ್ಟನ್ನು. ನೀರನ್ನು ಮಾತ್ರ ಯಾರೂ ನೆನಸುವದಿಲ್ಲ, ಯಾಕಂದರೆ ಅದು ಬರೇ ನೀರು. ಆದರೆ ಸಹೋದರಿಯರೇ, ಮುದ್ದೆ ಕಟ್ಟುವಾಗ ನಿಮ್ಮ ಬಲಮಗ್ಗುಲಲ್ಲಿ ಏನಿರುವದು? ಒಂದು ಬಟ್ಟಲಲ್ಲಿ ತಣ್ಣೀರು. ಬಿಸಿ ತಗಲದ ಹಾಗೆ ಅದರಲ್ಲಿ ಕೈಯನ್ನು ಅದ್ದಿ ಅದ್ದಿ ತಾನೇ ನೀವು ಮುದ್ದೆ ಕಟ್ಟುವಿರಿ? ನಿಮ್ಮ ತಾಯಂದಿರೂ ಅಜ್ಜಿಯರೂ ಹೀಗೆಯೇ ಮಾಡಿದರು. ಸುಡದಂತೆ ಕಾಯುವ ನೀರು ಸುಟ್ಟ ಮೇಲೆಯೂ ಬೇಕೆಂಬದನ್ನು ಮಾತ್ರ ನಾವು ಮರೆತೆವು. ಆ ಭಾನುವಾರ ನಮ್ಮ ಮನೆಯಲ್ಲಿಯೂ ಆ ಬಟ್ಟಲು ಅಲ್ಲೇ ಇತ್ತು.

ವೈದ್ಯರು ಇದರ ಕಾರಣವನ್ನು ಹೇಳುತ್ತಾರೆ. ಬಿಸಿ ವಸ್ತುವನ್ನು ತೆಗೆದುಹಾಕಿದ ಮೇಲೆಯೂ ಚರ್ಮದೊಳಗೆ ಸೇರಿದ ಶಾಖವು ಆಳಕ್ಕೆ ಇಳಿದು ಸುಡುತ್ತಲೇ ಇರುವದು. ನೀರು ಆ ಶಾಖವನ್ನು ಎಳೆದುಕೊಂಡು ಹೋಗುವದು. ತುಪ್ಪವೂ ಎಣ್ಣೆಯೂ ಪೇಸ್ಟೂ ಅದನ್ನು ಒಳಗೇ ಮುಚ್ಚಿಡುವವು. ಮಾತ್ರವಲ್ಲ, ಗಾಯಕ್ಕೆ ಕೊಳೆಯನ್ನು ಸೇರಿಸುವವು. ಆದದರಿಂದ ಸುಟ್ಟ ಕೂಡಲೇ ಬಳೆ ಉಂಗುರಗಳನ್ನು ತೆಗೆದು, ಅಂಟಿದ ಹಿಟ್ಟನ್ನು ನೀರಿನಲ್ಲಿಯೇ ತೊಳೆದು, ನಲ್ಲಿಯ ಕೆಳಗೆ ಇಲ್ಲವೇ ಚೊಂಬಿನಿಂದ ಹೊಯ್ಯುತ್ತಾ 20 ನಿಮಿಷ ತಣ್ಣೀರನ್ನು ಹರಿಸಬೇಕು. ಎರಡು ನಿಮಿಷವಲ್ಲ, ಇಪ್ಪತ್ತು. ಉರಿ ನಿಂತಿತೆಂದು ಐದು ನಿಮಿಷಕ್ಕೇ ಏಳುವವರು ನಾಲ್ಕನೆಯ ಮುಳುಗಿಗೇ ದಡಕ್ಕೆ ಬಂದ ನಾಮಾನನಂತೆ ಆಗುವರು. ಆಗಲೇ ಮಾಡುವದು ಉತ್ತಮ. ತಡವಾದರೂ ಮೂರು ಗಂಟೆಯೊಳಗೆ ಮಾಡಿದರೆ ಪ್ರಯೋಜನವುಂಟು. ಮಂಜುಗಡ್ಡೆ ಇಡಬಾರದು. ಬೊಬ್ಬೆಯನ್ನು ಒಡೆಯಬಾರದು. ಆಮೇಲೆ ಒಗೆದು ಒಣಗಿಸಿದ ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಮುಚ್ಚಬೇಕು.

ಚನ್ನರಾಯಪಟ್ಟಣದ ಕಡೆಯ ಸಹೋದರಿಯರು ಇಲ್ಲಿ ಒಂದು ಮಾತು ಕೇಳುವರೆಂದು ಬಲ್ಲೆವು. ಬೇಸಿಗೆಯಲ್ಲಿ ಎರಡು ಬಿಂದಿಗೆ ನೀರಿಗೆ ಕಾದು ನಿಲ್ಲುವ ನಾವು ಇಪ್ಪತ್ತು ನಿಮಿಷ ನೀರು ಹರಿಸುವದು ಹೇಗೆ? ನ್ಯಾಯವಾದ ಮಾತೇ. ಹೇಮಾವತಿಯ ದಡದಲ್ಲಿರುವ ಹೊಳೆನರಸೀಪುರದವರಿಗೂ ತೆಂಗಿನ ಬುಡಕ್ಕೆ ನೀರು ಕಾಣದೆ ಕೊಳವೆಬಾವಿ ಬತ್ತಿದವರಿಗೂ ನೀರಿನ ಬೆಲೆ ಒಂದೇ ಅಲ್ಲ. ಹರಿಸಲಾಗದಿದ್ದರೆ ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ ಕೈಯನ್ನು ಮುಳುಗಿಸಿ ಇಡಿರಿ. ನೀರು ಬೆಚ್ಚಗಾದರೆ ಬದಲಾಯಿಸಿರಿ. ಆ ನೀರು ದನಕ್ಕೋ ಗಿಡಕ್ಕೋ ಆಗುವದು.

ಇನ್ನೊಬ್ಬರು, ಒಳ್ಳೆಯ ಸಮಾರ್ಯದವನು ಗಾಯಕ್ಕೆ ಎಣ್ಣೆ ಹೊಯ್ಯಲಿಲ್ಲವೇ ಎಂದು ಕೇಳಬಹುದು. ಅರಕಲಗೂಡಿನ ಕಡೆ ಒಬ್ಬ ಹಿರಿಯರು ನಮ್ಮನ್ನು ಹೀಗೆಯೇ ಕೇಳಿದರು. ಹೊಯ್ದದ್ದು ನಿಜ. ಆದರೆ ಅವನ ಮುಂದೆ ಬಿದ್ದಿದ್ದವನು ಕಳ್ಳರಿಂದ ಪೆಟ್ಟು ತಿಂದವನು, ಒಲೆಯಲ್ಲಿ ಸುಟ್ಟುಕೊಂಡವನಲ್ಲ. ಮತ್ತು ಅವನು ಎಣ್ಣೆ ಹೊಯ್ದು ತನ್ನ ದಾರಿ ಹಿಡಿಯಲಿಲ್ಲ. ಛತ್ರಕ್ಕೆ ಸಾಗಿಸಿ, ರಾತ್ರಿಯೆಲ್ಲಾ ಆರೈಕೆ ಮಾಡಿ, ಮುಂದಿನ ಖರ್ಚಿಗೂ ಹಣ ಕೊಟ್ಟನು. ಎಣ್ಣೆಯನ್ನು ಹಿಡಿದುಕೊಳ್ಳುವ ನಾವು ಆರೈಕೆಯನ್ನು ಬಿಟ್ಟೆವು.

ಈಳಿಗೆಯ ಗಾಯಕ್ಕೂ ಮದ್ದು ಇಷ್ಟೇ ಸಾಧಾರಣ. ಶುದ್ಧ ನೀರಿನಿಂದ ತೊಳೆದು, ಶುಭ್ರವಾದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿಹಿಡಿದು, ಕೈಯನ್ನು ಮೇಲಕ್ಕೆ ಎತ್ತಿರಬೇಕು. ನಡುನಡುವೆ ಬಿಚ್ಚಿ ನೋಡಬಾರದು. ನಮ್ಮ ಮಲೆನಾಡ ಸೆರಗಿನಲ್ಲಿ ಕಾಪಿಪುಡಿ ಮೆತ್ತುವ ಅಭ್ಯಾಸವುಂಟು, ಅದು ಲೋಟದಲ್ಲಿರಲಿ. ಬೂದಿಯೂ ಸಗಣಿಯೂ ಬೇಡವೇ ಬೇಡ. ಧನುರ್ವಾಯುವಿನ ಬೀಜವು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುವದು. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರುಷವಾಯಿತೆಂದು ಆರೋಗ್ಯ ಕೇಂದ್ರದಲ್ಲಿ ತಿಳಿಸಿರಿ. ಬೇಕಾದರೆ ಅವರು ಹಾಕುವರು. ಸುಟ್ಟದ್ದು ತನ್ನ ಅಂಗೈಗಿಂತ ಅಗಲವಾಗಿದ್ದರೆ, ಮುಖಕ್ಕೋ ಕೀಲುಗಳಿಗೋ ತಗಲಿದ್ದರೆ, ಚರ್ಮವು ಬಿಳುಪಾಗಿಯೋ ಕರಿಕಾಗಿಯೋ ಕಂಡರೆ, ಸುಟ್ಟುಕೊಂಡದ್ದು ಮಗುವಾಗಿದ್ದರೆ, ಗಾಯಗೊಂಡವರಿಗೆ ಸಕ್ಕರೆ ಕಾಯಿಲೆ ಇದ್ದರೆ, ಮನೆಮದ್ದಿನ ಮಾತೇ ಬೇಡ, ಆಸ್ಪತ್ರೆಗೆ ಹೋಗಿರಿ. ದೊಡ್ಡ ಅಪಾಯವಾದರೆ 108ಕ್ಕೆ ಫೋನು ಮಾಡಿರಿ.

ಆಸ್ಪತ್ರೆಗೆ ಹೋಗುವದು ಅವಿಶ್ವಾಸವೆಂದು ಯಾರಾದರೂ ಹೇಳಿದರೆ, ನಮ್ಮ ಸಭೆಗಳು ಎಲ್ಲಿಂದ ಹುಟ್ಟಿದವೆಂಬದನ್ನು ಅವರಿಗೆ ತಿಳಿಸಿರಿ. ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ತೆರೆದವರೂ ಹಾಸನದಲ್ಲಿ ರೆಡ್‌ಫರ್ನ್ ಆಸ್ಪತ್ರೆಯನ್ನು ಕಟ್ಟಿದವರೂ ಸುವಾರ್ತೆಯನ್ನು ತಂದ ಅದೇ ಮೆಥೋಡಿಸ್ಟ್ ಮಿಷನ್ನಿನವರು. ಪುಸ್ತಕವನ್ನು ಹಿಡಿದ ಕೈ ಪಟ್ಟಿಯನ್ನೂ ಕಟ್ಟಿತು.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಸೊಸೆಯ ಕೈ ಸುಟ್ಟರೆ ಕೆಟ್ಟ ದೃಷ್ಟಿಯೆಂದೂ ಅಪಶಕುನವೆಂದೂ ಅವಳ ಕಾಲುಗುಣವೆಂದೂ ಗೊಣಗುವದು ನಮ್ಮ ಹಳೇ ಅಭ್ಯಾಸ. ಅದನ್ನು ಬಿಟ್ಟು ಬಂದೆವೆಂದು ಹೇಳಿಕೊಳ್ಳುವ ನಾವು ಅದೇ ಗೊಣಗಾಟಕ್ಕೆ ಹೊಸ ಅಂಗಿ ತೊಡಿಸಿದ್ದೇವೆ. ಬೆಳಿಗ್ಗೆ ಪ್ರಾರ್ಥನೆ ಮಾಡದೆ ಒಲೆ ಹಚ್ಚಿದಳು, ಅದಕ್ಕೇ ಹೀಗಾಯಿತು ಎನ್ನುತ್ತೇವೆ. ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಯಾರ ಪಾಪವೆಂದು ಕೇಳಿದರು. ಸ್ವಾಮಿಯವರು ಆ ಪ್ರಶ್ನೆಯನ್ನೇ ತಳ್ಳಿಬಿಟ್ಟರು. ಸಿಲೊವಾಮಿನ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಯೆರೂಸಲೇಮಿನ ಮಿಕ್ಕ ಜನರಿಗಿಂತ ಹೆಚ್ಚು ಅಪರಾಧಿಗಳಲ್ಲವೆಂದು ತಿಳಿಸಿದರು. ಬುರುಜಿನ ವಿಷಯದಲ್ಲೇ ಹಾಗಾದರೆ ಮುದ್ದೆಯ ಪಾತ್ರೆಯ ವಿಷಯದಲ್ಲಿ ಹೇಳುವದೇನು? ಕೈ ಸುಡುವದು ಆತುರದಿಂದ. ಆಲೂಗಡ್ಡೆ ಬಿತ್ತನೆಯ ದಿನಗಳಲ್ಲಿ ಹಾಸನದ ಸುತ್ತಲೂ, ಹೊಗೆಸೊಪ್ಪಿನ ಸುಗ್ಗಿಯಲ್ಲಿ ಅರಕಲಗೂಡಿನ ಕಡೆಯೂ ಹೆಣ್ಣುಮಕ್ಕಳು ಎಂಟು ಗಂಟೆಗೆ ಹೊಲದಲ್ಲಿರಬೇಕು. ಅದಕ್ಕೆ ಮುಂಚೆ ಕೂಸಿಗೆ ಹಾಲು, ಶಾಲೆಯ ಹುಡುಗನಿಗೆ ಬುತ್ತಿ, ಅತ್ತೆ ಮಾವಂದಿರಿಗೆ ಊಟ. ಎರಡು ಕೈಗಳಿಗೆ ನಾಲ್ಕು ಕೈಗಳ ಕೆಲಸ. ಇದರಲ್ಲಿ ಪಾಪವಿದ್ದರೆ ಅದು ಒಲೆಯ ಮುಂದೆ ಕುಳಿತವಳದ್ದೋ, ಜಗಲಿಯ ಮೇಲೆ ಕುಳಿತು ಆಯಿತೇ ಎಂದು ಕೇಳುವವನದ್ದೋ ನೀವೇ ಯೋಚಿಸಿರಿ.

ಇದೇ ದಾದಿಯಮ್ಮನವರ ಎರಡನೆಯ ಪ್ರಶ್ನೆ.

ಅಪೊಸ್ತಲನಾದ ಪೌಲನು ಕೊರಿಂಥ ಸಭೆಗೆ ಬರೆಯುತ್ತಾ, ಸಭೆಯು ಒಂದೇ ದೇಹವೆಂದೂ ಒಂದು ಅಂಗದ ನೋವು ಎಲ್ಲಾ ಅಂಗಗಳ ನೋವೆಂದೂ ಬೋಧಿಸುತ್ತಾನೆ. ಅವನು ಹೇಳಿದ್ದನ್ನು ನಿಮ್ಮ ಮೈಯಲ್ಲೇ ನೋಡಿಕೊಳ್ಳಿರಿ. ಎಡಗೈಯ ಬೆರಳು ಕೊಯ್ದಾಗ ಬಲಗೈಯು ತನ್ನ ಕೆಲಸವನ್ನು ಬಿಸಾಡಿ ಅದನ್ನು ಹಿಡಿದುಕೊಳ್ಳುವದು. ಬಾಯಿ ಕೂಗುವದು, ಕಾಲು ನೀರಿದ್ದಲ್ಲಿಗೆ ಓಡುವದು. ಬೆರಳೇ, ನೀನು ನೋಡಿಕೊಳ್ಳಬಾರದಾಗಿತ್ತೇ ಎಂದು ಬಲಗೈಯು ಬೈಯುವದಿಲ್ಲ. ಆದರೆ ಒಂದೇ ದೇಹವಾಗಿರೆಂದು ಮದುವೆಯ ದಿನ ದೇವರ ಮುಂದೆ ಆಶೀರ್ವಾದ ಹೊಂದಿದ ನಾವು ಬಾಗಿಲಲ್ಲಿ ನಿಂತು ಬೈದೆವು.

ಸೀಮೋನ ಪೇತ್ರನ ಅತ್ತೆಯ ಜ್ವರದ ಕಥೆಯನ್ನು ನಾವು ಉಪದೇಶಿಗಳು ಬಹಳ ಇಷ್ಟದಿಂದ ಹೇಳುತ್ತೇವೆ, ವಿಶೇಷವಾಗಿ ಆಕೆ ಎದ್ದು ಉಪಚಾರ ಮಾಡಿದಳೆಂಬ ಕೊನೆಯ ಭಾಗವನ್ನು. ಅದಕ್ಕೆ ಮುಂಚೆ ಕರ್ತನು ಹತ್ತಿರಕ್ಕೆ ಹೋಗಿ ಆಕೆಯ ಕೈ ಹಿಡಿದು ಎಬ್ಬಿಸಿದನೆಂಬದನ್ನು ಬೇಗನೆ ದಾಟಿಬಿಡುತ್ತೇವೆ. ಜ್ವರವು ಬಿಟ್ಟ ಮೇಲೆ ಆಕೆ ಎದ್ದಳೇ ಹೊರತು ಜ್ವರದಲ್ಲಿಯೇ ಎದ್ದು ಬಡಿಸಲಿಲ್ಲ.

ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಇನ್ನೂ ಆಶ್ಚರ್ಯವಾದ ಸಂಗತಿಯುಂಟು. ರಾತ್ರಿಯೆಲ್ಲಾ ಬಲೆ ಬೀಸಿ ದಣಿದ ಶಿಷ್ಯರು ತಿಬೇರಿಯ ಸಮುದ್ರದ ದಡಕ್ಕೆ ಬಂದಾಗ ಅಲ್ಲಿ ಕೆಂಡಗಳೂ ಅದರ ಮೇಲೆ ಮೀನೂ ಜೊತೆಗೆ ರೊಟ್ಟಿಯೂ ಇದ್ದವು. ಮರಣವನ್ನು ಜಯಿಸಿದ ಕರ್ತನು ಅವರಿಗಾಗಿ ಬೆಳಗಿನ ಊಟವನ್ನು ಸಿದ್ಧಮಾಡಿದ್ದನು. ಆ ಕೈಗಳಲ್ಲಿ ಮೊಳೆಯ ಗಾಯಗಳಿದ್ದವು. ಪರಲೋಕ ಭೂಲೋಕಗಳ ಅಧಿಕಾರವುಳ್ಳಾತನು ಕೆಂಡದ ಮುಂದೆ ಕೂತುಕೊಳ್ಳಲಿಕ್ಕೆ ನಾಚಲಿಲ್ಲ. ನಮ್ಮ ಊರುಗಳಲ್ಲಿ ಗಂಡಸು ಹಿಟ್ಟಿನ ಕೋಲು ಹಿಡಿದರೆ ಕೇರಿಯವರು ನಗುವರೆಂದು ನಾವು ನಾಚುತ್ತೇವೆ. ಮದುವೆಯ ಚಪ್ಪರದಲ್ಲಿ ನೂರು ಮಂದಿಗೆ ಅಡಿಗೆ ಮಾಡುವ ಗಂಡಸರನ್ನು ನೋಡಿ ಯಾರೂ ನಗುವದಿಲ್ಲ. ಹೆಂಡತಿಗೊಬ್ಬಳಿಗೆ ಮಾಡಿದರೆ ನಗುವದು ಯಾವ ನ್ಯಾಯವೋ ತಿಳಿಯದು.

ದೂರದೇಶದ ಒಂದು ಚಿಕ್ಕ ಸಂಗತಿಯನ್ನು ಇಲ್ಲಿ ಹೇಳುವೆವು. ಅಮೇರಿಕಾ ದೇಶದ ನ್ಯೂಜೆರ್ಸಿ ಸೀಮೆಯಲ್ಲಿ ಅರ್ಲ್ ಡಿಕ್ಸನ್ ಎಂಬ ಯೌವನಸ್ಥನು ಜಾನ್ಸನ್ ಅಂಡ್ ಜಾನ್ಸನ್ ಕಂಪೆನಿಯಲ್ಲಿ ಹತ್ತಿ ಕೊಳ್ಳುವ ಕೆಲಸದಲ್ಲಿದ್ದನು. ಅವನ ಹೆಂಡತಿಯಾದ ಜೋಸೆಫೈನಳು ಅಡಿಗೆ ಮಾಡುವಾಗ ಪದೇ ಪದೇ ಬೆರಳು ಕೊಯ್ದುಕೊಳ್ಳುತ್ತಿದ್ದಳು, ಸುಟ್ಟುಕೊಳ್ಳುತ್ತಿದ್ದಳು. ಒಂಟಿ ಕೈಯಲ್ಲಿ ಪಟ್ಟಿ ಕಟ್ಟಿಕೊಳ್ಳುವದು ಆಕೆಗೆ ಆಗುತ್ತಿರಲಿಲ್ಲ. ಕಟ್ಟಿದ್ದೂ ಕೆಲಸದಲ್ಲಿ ಜಾರಿಹೋಗುತ್ತಿತ್ತು. 1920ರಲ್ಲಿ ಅವನು ಅಂಟುವ ಪಟ್ಟಿಯ ಉದ್ದಕ್ಕೂ ಮಧ್ಯದಲ್ಲಿ ಚಿಕ್ಕ ಗಾಜುಬಟ್ಟೆಯ ಮಡಿಕೆಗಳನ್ನಿಟ್ಟು, ಮೇಲೆ ಇನ್ನೊಂದು ಬಟ್ಟೆಯನ್ನು ಮುಚ್ಚಿ ಸುತ್ತಿಟ್ಟನು. ತಾನು ಮನೆಯಲ್ಲಿಲ್ಲದಾಗ ಆಕೆ ಬೇಕಾದಷ್ಟು ಕತ್ತರಿಸಿ ತಾನೇ ಹಚ್ಚಿಕೊಳ್ಳಲೆಂದೇ ಹೀಗೆ ಮಾಡಿದನು. ಕಂಪೆನಿಯವರು ಅದನ್ನು ಮಾರನೆಯ ವರುಷ ಬ್ಯಾಂಡ್-ಏಡ್ ಎಂಬ ಹೆಸರಿನಿಂದ ಮಾರಿದರು. ಈಗ ನಮ್ಮ ಹಳ್ಳಿಯ ಅಂಗಡಿಯಲ್ಲಿಯೂ ಕೆಲವು ರೂಪಾಯಿಗೆ ಸಿಕ್ಕುವ ಆ ಚಿಕ್ಕ ಪಟ್ಟಿಯು ಒಬ್ಬ ಗಂಡನು ತನ್ನ ಹೆಂಡತಿಯ ಬೆರಳನ್ನು ಗಮನಿಸಿದ್ದರಿಂದ ಹುಟ್ಟಿತು. ನಾವೂ ಬೆಳಗಿನ ಬಸ್ಸಿಗೆ ಹೊರಡುವವರೇ. ಮನೆಯಲ್ಲಿ ಏನಿಟ್ಟು ಹೊರಡುತ್ತಿದ್ದೆವೆಂದು ಕೇಳಿಕೊಂಡಾಗ ನಮಗೆ ಉತ್ತರ ಸಿಕ್ಕಲಿಲ್ಲ.

ಈಗ ಒಂದು ತಗಡಿನ ಡಬ್ಬಿ ಇದೆ. ಅದರಲ್ಲಿ ಸಾಬೂನು, ಒಗೆದು ಮಡಿಸಿದ ಬಿಳೀ ಬಟ್ಟೆ, ಅಂಟುಪಟ್ಟಿ, ಕತ್ತರಿ. ನಮ್ಮ ಸಭೆಯ ಸ್ತ್ರೀಯರ ಕೂಟದವರು ಇಂಥದ್ದೊಂದನ್ನು ದೇವಾಲಯದ ಕಪಾಟಿನಲ್ಲಿಯೂ ಇಟ್ಟಿದ್ದಾರೆ. ಕ್ರೈಸ್ತರಲ್ಲದ ನೆರೆಯವರೂ ಬಂದು ಕೇಳುತ್ತಾರೆ, ಕೊಡುತ್ತೇವೆ. ಆದರೆ ಡಬ್ಬಿಗಿಂತ ಮುಂಚೆ ಬೇಕಾದದ್ದೊಂದಿದೆ. ಎಸರಿಗೆ ಹಿಟ್ಟು ಬಿದ್ದ ಸಮಯದಿಂದ ಮುದ್ದೆ ತಟ್ಟೆಗೆ ಬರುವ ವರೆಗೂ ಮನೆಯ ಗಂಡಸು ಮಕ್ಕಳನ್ನು ತನ್ನ ಹತ್ತಿರ ಇಟ್ಟುಕೊಳ್ಳಲಿ. ಮಗುವನ್ನು ಎತ್ತಿಕೊಳ್ಳುವದಕ್ಕೆ ಸೆಮಿನರಿಯ ವಿದ್ಯೆ ಬೇಕಾಗಿಲ್ಲ. ಕೈ ಸುಟ್ಟೇ ಸುಟ್ಟರೆ, ಗಾಯ ಮಾಯುವ ವರೆಗೂ ಆ ಕೈ ಬೂದಿಗೂ ಪಾತ್ರೆಯ ಕೊಳೆನೀರಿಗೂ ಹೋಗದಿರಲಿ. ಅತ್ತೆಯರೇ, ನಿಮ್ಮ ಕಾಲದಲ್ಲಿ ನಿಮ್ಮ ಕೈಗಳಿಗೆ ಈ ವಿಶ್ರಾಂತಿ ಸಿಕ್ಕಲಿಲ್ಲವೆಂದು ಬಲ್ಲೆವು. ನಮ್ಮ ತಾಯಿಯವರು ದಾದಿಯಮ್ಮನವರ ಮಾತು ಕೇಳಿ ಮನೆಗೆ ಬಂದ ಮೇಲೆ, ತಮ್ಮ ಮೊಣಕೈಯ ಹತ್ತಿರದ ಒಂದು ಹಳೇ ಕಲೆಯನ್ನು ಸೊಸೆಗೆ ತೋರಿಸಿದರು. ನಲವತ್ತು ವರುಷದಿಂದ ಅದು ಅಲ್ಲಿತ್ತು. ನಾವು ಅವರ ಮಗನಾಗಿದ್ದರೂ ಅದು ಹೇಗಾಯಿತೆಂದು ಒಂದು ದಿನವೂ ಕೇಳಿದವರಲ್ಲ.

ಆ ವಾರವೆಲ್ಲಾ ಮುದ್ದೆ ತೊಳಸಿದವರು ನಾವು. ನಮ್ಮಾಕೆ ಗೋಡೆಗೆ ಒರಗಿ ಕೂತು, ಕೋಲನ್ನು ಹೀಗಲ್ಲ ಹೀಗೆ ತಿರುಗಿಸಿರಿ ಎಂದು ಹೇಳಿಕೊಡುತ್ತಿದ್ದಳು. ಮೊದಲನೆಯ ದಿನ ಮುದ್ದೆಯ ತುಂಬಾ ಗಂಟು. ತಾಯಿಯವರು ಏನೂ ಅನ್ನದೆ ಸಾರಿನಲ್ಲಿ ಅದ್ದಿ ನುಂಗಿದರು. ಮಗನು ಮಾತ್ರ, ಅಪ್ಪನ ಮುದ್ದೆಯಲ್ಲಿ ಕಲ್ಲಿದೆ ಎಂದು ಕೇರಿಯಲ್ಲೆಲ್ಲಾ ಹೇಳಿಕೊಂಡು ಬಂದನು.